ಇಪ್ಪತ್ತಾರು ಡಿಗ್ರಿಯ ಸಮುದ್ರ

ಥರ್ಮಾಮೀಟರ್ ಓದುವ ಮೊದಲು ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಮತ್ತೆ ಹಾಕಿಕೊಂಡು, ಎರಡೂ ಮೊಣಕಾಲು ಬಗ್ಗಿಸಿ, ಕಣ್ಣು ಪಾದರಸದ ತುದಿಯ ಮಟ್ಟಕ್ಕೆ ಬರುವವರೆಗೆ ಕುಗ್ಗುತ್ತಿದ್ದರು. ಓದಿ ಮುಗಿಯುವ ತನಕ ಉಸಿರು ಬಿಡುತ್ತಿರಲಿಲ್ಲ. ನಾವು ಹೊಸಬರು ನಿಂತಲ್ಲಿಂದಲೇ ಕತ್ತು ಬಾಗಿಸಿ ಓದಲು ಹೋದರೆ ಹೇಳುತ್ತಿದ್ದ ಮಾತು ಒಂದೇ: "ಅದು ನಿಮ್ಮ ಎತ್ತರಕ್ಕೆ ಬರಲ್ಲ. ನೀವೇ ಅದರ ಎತ್ತರಕ್ಕೆ ಇಳೀಬೇಕು."

ಅವರು ಹೋದ ತಿಂಗಳು ತೀರಿಕೊಂಡರಂತೆ. ಬ್ಯಾಂಕಿನಲ್ಲಿ ಸಿಕ್ಕಿದ ಹಳೆಯ ಸಹೋದ್ಯೋಗಿಯೊಬ್ಬರು, ಟೋಕನ್ ಕೈಯಲ್ಲಿ ಹಿಡಿದುಕೊಂಡೇ, "ನಿಮ್ಮ ಸೊನ್ನೆ ಸಾರ್ ಹೋಗ್ಬಿಟ್ರು ಕಣ್ರೀ" ಎಂದರು. ಅಷ್ಟರಲ್ಲಿ ಅವರ ನಂಬರು ಕೂಗಿದರು, ಅವರು ಎದ್ದು ಹೋದರು. ನಾನು ನನ್ನ ಕೆಲಸ ಮುಗಿಸಿ ಮನೆಗೆ ಬಂದೆ. ಸೊನ್ನೆ ಸಾರ್ ಅವರ ಪೂರ್ತಿ ಬದುಕು ನನಗೆ ಗೊತ್ತಿಲ್ಲ. ಗೊತ್ತಿರುವಷ್ಟನ್ನು ಬರೆದಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಆ ಕಾರ್ಖಾನೆಗೆ ಸೇರಿದೆ. ಬಾಯ್ಲರುಗಳಿಗೆ, ಬಣ್ಣ ಹಾಕುವ ಗಿರಣಿಗಳಿಗೆ ಬೇಕಾದ ಥರ್ಮಾಮೀಟರುಗಳನ್ನು ಅಲ್ಲಿ ಮಾಡುತ್ತಿದ್ದರು. ಹಿತ್ತಾಳೆಯ ಕೊಳವೆಯೊಳಗೆ ಗಾಜಿನ ಕಡ್ಡಿ, ಮೇಲೆ ಅಂಕಿ ಕೊರೆದ ಪಟ್ಟಿ. ತಯಾರಾದ ಪ್ರತಿಯೊಂದೂ ಹೊರಗೆ ಹೋಗುವ ಮೊದಲು ಒಂದು ಸಣ್ಣ ಕೋಣೆಗೆ ಬಂದು, ಅಲ್ಲಿದ್ದ ಮಾಸ್ಟರ್ ಥರ್ಮಾಮೀಟರಿನ ಪಕ್ಕ ನಿಂತು ತನ್ನ ಲೆಕ್ಕ ಒಪ್ಪಿಸಬೇಕಿತ್ತು. ಆ ಕೋಣೆಯ ಮುಖ್ಯಸ್ಥರು ಇವರು. ನಾನು ಅವರ ಕೈಕೆಳಗಿನವಳು.

ಸೊನ್ನೆ ಸಾರ್ ಎಂಬ ಹೆಸರು ಬಂದದ್ದು ಮಂಜುಗಡ್ಡೆಯಿಂದ. ಯಾವ ಥರ್ಮಾಮೀಟರನ್ನೇ ಆಗಲಿ, ಅವರು ಮೊದಲು ಪುಡಿಮಾಡಿದ ಮಂಜುಗಡ್ಡೆಯಲ್ಲಿ ನಿಲ್ಲಿಸಿ, ಅದು ಸೊನ್ನೆ ತೋರಿಸುತ್ತದೆಯೇ ನೋಡುತ್ತಿದ್ದರು. ಪೇಟೆಯ ಮಂಜುಗಡ್ಡೆ ಆಗುತ್ತಿರಲಿಲ್ಲ. ಅದಕ್ಕೆ ಮರದ ಹೊಟ್ಟು ಮೆತ್ತಿರುತ್ತಿತ್ತು, ಕೆಲವೊಮ್ಮೆ ಉಪ್ಪೂ ಸೇರಿರುತ್ತಿತ್ತು. ಬಟ್ಟಿ ಇಳಿಸಿದ ನೀರನ್ನು ತಾವೇ ಫ್ರಿಜ್ಜಿನಲ್ಲಿಟ್ಟು ಗಡ್ಡೆ ಕಟ್ಟಿಸುತ್ತಿದ್ದರು. ಸರಕು ತಡವಾಗುತ್ತದೆಂದು ಪ್ರೊಡಕ್ಷನ್ನಿನವರು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ಇವರು ತಿರುಗಿ ನೋಡದೆ, "ಸೊನ್ನೆ ಗೊತ್ತಿಲ್ಲದವನಿಗೆ ನೂರು ಹೇಗ್ರೀ ಗೊತ್ತಾಗುತ್ತೆ" ಅನ್ನುತ್ತಿದ್ದರು.

ಒಮ್ಮೆ ಟ್ರೈನಿ ಇಂಜಿನಿಯರೊಬ್ಬ ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ಅದು ತೊಂಬತ್ತೇಳರ ಹತ್ತಿರ ನಿಂತಿತೆಂದು ಪಟ್ಟಿಯನ್ನೇ ಜರುಗಿಸಿ ನೂರಕ್ಕೆ ಕೂರಿಸಿದ.

"ಇದು ಯಾವ ಊರಪ್ಪ?" ಎಂದು ಕೇಳಿದರು.

"ಬೆಂಗಳೂರು ಸಾರ್."

"ಮತ್ತೆ ನಿನ್ನ ನೀರು ಮದ್ರಾಸಿನಲ್ಲಿ ಕುದೀತಾ ಇದೆ?"

ಎತ್ತರದ ಊರಿನಲ್ಲಿ ನೀರು ನೂರಕ್ಕೆ ಮೊದಲೇ ಕುದಿಯುತ್ತದೆಂದು ಆಮೇಲೆ ನಿಧಾನವಾಗಿ ವಿವರಿಸಿದರು. ಕೂಗಾಡುವ ಸ್ವಭಾವ ಅವರದ್ದಲ್ಲ. ಪ್ರತಿ ಥರ್ಮಾಮೀಟರಿನ ಕುತ್ತಿಗೆಗೆ ಒಂದು ರಟ್ಟಿನ ಚೀಟಿ ಕಟ್ಟಿ, ಅದು ಎಷ್ಟು ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆಂದು ಬರೆಯುತ್ತಿದ್ದರು. "ತಪ್ಪು ತೋರಿಸೋದು ದೊಡ್ಡ ವಿಷಯ ಅಲ್ಲ. ಎಷ್ಟು ತಪ್ಪು ಅಂತ ಗೊತ್ತಿದ್ರೆ ಸಾಕು, ಬಾಳಬಹುದು." ಕ್ಯಾಂಟೀನಿನಲ್ಲಿ ಮನುಷ್ಯರ ಬಗ್ಗೆಯೂ ಹಾಗೆಯೇ ಮಾತಾಡುತ್ತಿದ್ದರು. ಇಂಥ ಮೇಸ್ತ್ರಿ ಎರಡು ಡಿಗ್ರಿ ಜಾಸ್ತಿ ತೋರಿಸ್ತಾನೆ, ಕಳೆದು ಕೇಳಿಸಿಕೊಳ್ಳಿ, ಎಂದು.

ಅವರ ಮನೆ ದಾಸರಹಳ್ಳಿಯಲ್ಲಿ, ನಮ್ಮ ಬೀದಿಯ ಹಿಂದಿನ ಬೀದಿ. ಮಕ್ಕಳಿರಲಿಲ್ಲ. ಹೆಂಡತಿ ಮಲ್ಪೆ ಕಡೆಯವರು. ಅವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಸಂಧಿವಾತ ಅವರನ್ನು ನಲವತ್ತರ ಆಸುಪಾಸಿನಲ್ಲೇ ಮಂಚಕ್ಕೆ ಕಟ್ಟಿಹಾಕಿತ್ತು. ಬೆರಳುಗಳು ಮಡಚಿಕೊಂಡು ಹಾಗೇ ನಿಂತಿದ್ದವು. ಮೊಣಕಾಲು ಬಗ್ಗುತ್ತಿರಲಿಲ್ಲ. ನಾಲಿಗೆ ಮಾತ್ರ ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಾನು ಹೋಗಿ ಅವರ ತಲೆ ಬಾಚುತ್ತಿದ್ದೆ, ಒಂದಿಷ್ಟು ಪಾತ್ರೆ ಪಡಗ ಒಪ್ಪ ಮಾಡುತ್ತಿದ್ದೆ.

ಡಾಕ್ಟರು ಇನ್ನು ಪ್ರಯಾಣ ಬೇಡವೆಂದ ವರ್ಷ ಅಕ್ಕ ಊರಿಗೆ ಹೋಗುವ ಮಾತೆತ್ತುವುದನ್ನು ಬಿಟ್ಟರು. ಊಟವೂ ಕಡಿಮೆಯಾಯಿತು. ದಿನವಿಡೀ ಸೂರು ನೋಡುತ್ತಾ ಮಲಗಿರುತ್ತಿದ್ದರು. ಆಗಲೇ ಇವರು ನಡುಮನೆಯಲ್ಲಿ, ಮಂಚದ ಎದುರಿಗೆ, ಗಾಜಿನ ತೊಟ್ಟಿ ಕಟ್ಟಲು ಶುರುಮಾಡಿದ್ದು. ಅಂಗಡಿಯಲ್ಲಿ ಸಿಗುವ ಬಂಗಾರ ಬಣ್ಣದ ಮೀನಿನ ತೊಟ್ಟಿಯಲ್ಲ. ಸಮುದ್ರದ ನೀರು, ಸಮುದ್ರದ ಕಲ್ಲು, ಅದರ ಮೇಲೆ ಬೆಳೆಯುವ ಹವಳ.

ನೀರು ಮದ್ರಾಸಿನಿಂದ ಬರುತ್ತಿತ್ತು. ಕಾರ್ಖಾನೆಗೆ ಗಾಜಿನ ಕೊಳವೆ ತರುವ ಲಾರಿಯ ಡ್ರೈವರೊಬ್ಬ, ತಮಿಳಿನವನು, ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿಸಿಕೊಂಡು ಬರುತ್ತಿದ್ದ. ಅಲ್ಲಿನ ಮೀನಿನ ವ್ಯಾಪಾರಿಯೊಬ್ಬನ ಹತ್ತಿರ ಕಲ್ಲು, ಮೀನು ಎಲ್ಲ ಹೇಳಿ ಕಳಿಸುತ್ತಿದ್ದರು. ಮೊದಲ ಸಲ ಕ್ಯಾನುಗಳು ಇಳಿದಾಗ ಮನೆಯ ಮಾಲೀಕ ಗೌಡರು, ಹೊಲ ಮಾರಿ ಸಾಲುಮನೆ ಕಟ್ಟಿಸಿದವರು, ಜಗಲಿಯಿಂದ ಎದ್ದು ಬಂದರು.

"ಏನ್ ಸಾಮಿ, ಮದ್ರಾಸಿಂದ ಉಪ್ಪುನೀರು ತರುಸ್ತಾ ಇದೀರಂತೆ?"

"ಹೌದು ಗೌಡ್ರೇ, ಮೀನಿಗೆ."

"ನಮ್ ಬೋರ್‌ವೆಲ್ ನೀರೂ ಉಪ್ಪೇ ಅಲ್ವಾ. ಅದ್ರಾಗೇ ಬಿಡ್ಬೋದಾಗಿತ್ತು. ನೀವು ಕುಡ್ಕಂಡು ಬದುಕಿಲ್ವಾ?"

ಅಕ್ಕ ಒಳಗಿನಿಂದ ನಕ್ಕದ್ದು ಕೇಳಿಸಿತು. ಅವರು ನಕ್ಕು ಎಷ್ಟೋ ತಿಂಗಳಾಗಿತ್ತು. ಇವರು ಕ್ಯಾನು ಹಿಡಿದುಕೊಂಡೇ ಒಂದು ಕ್ಷಣ ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಹೋದರು.

ತೊಟ್ಟಿ ತಯಾರಾದ ಮೇಲೆ ಅಕ್ಕನ ದಿನಗಳು ಬದಲಾದವು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ತಲೆದಿಂಬು ಎತ್ತರಿಸಿಕೊಳ್ಳುತ್ತಿದ್ದರು. ಕಲ್ಲಿನ ಮೇಲೆ ಹವಳದ ಚಿಕ್ಕ ಚಿಕ್ಕ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಮಧ್ಯದಲ್ಲಿ ಹೂವಿನಂಥ ಒಂದು ಪ್ರಾಣಿ, ನೂರಾರು ಬೆರಳು ಚಾಚಿ ನೀರಿನಲ್ಲಿ ತೂಗುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಬೇರೇನೋ ಹೆಸರಿತ್ತು. ಅಕ್ಕ ಸೇವಂತಿಗೆ ಎಂದು ಕರೆದರು. ಅದರ ಬೆರಳುಗಳ ನಡುವೆ ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಒಂದು ಮೀನು ಹೊರಳಾಡುತ್ತಿತ್ತು.

"ಇದು ನಮ್ಮ ಸಮುದ್ರ ಅಲ್ಲ ಮಾರಾಯ್ತಿ" ಎಂದು ನನಗೆ ಹೇಳಿದರು. "ಇದು ಸೂರ್ಯ ಹುಟ್ಟುವ ಕಡೆಯದ್ದು. ನಮ್ಮಲ್ಲಿ ಮುಳುಗುವುದು. ಆದ್ರೂ ಅಡ್ಡಿಯಿಲ್ಲ, ಉಪ್ಪು ಉಪ್ಪೇ."

ಆ ಜೀವಗಳಿಗೆ ಬಿಸಿ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಇಪ್ಪತ್ತಾರು ಡಿಗ್ರಿ ಎಂದು ಇವರು ಗೊತ್ತುಮಾಡಿದರು. ಅಂಗಡಿಯಲ್ಲಿ ಕೊಂಡ ಎರಡು ತೇಲುವ ಥರ್ಮಾಮೀಟರುಗಳನ್ನು ಒಟ್ಟಿಗೆ ಬಿಟ್ಟರೆ ಒಂದು ಇಪ್ಪತ್ತನಾಲ್ಕು ಎಂದಿತು, ಇನ್ನೊಂದು ಇಪ್ಪತ್ತೇಳು. ಎರಡನ್ನೂ ಮಂಜುಗಡ್ಡೆಯಲ್ಲಿ ನಿಲ್ಲಿಸಿ ನೋಡಿದರು. ಒಂದು ಸೊನ್ನೆಗಿಂತ ಮೇಲೆ, ಮತ್ತೊಂದು ಕೆಳಗೆ. ಮಾರನೆಯ ದಿನ ನೋಡಿದರೆ ಆ ವ್ಯತ್ಯಾಸವೂ ಬದಲಾಗಿತ್ತು. ಒಳಗಿನ ಅಂಕಿಯ ಕಾಗದವೇ ಜಾರುತ್ತಿತ್ತು.

"ದಿನಾ ಒಂದೇ ಸುಳ್ಳು ಹೇಳೋನ ಜೊತೆ ಸಂಸಾರ ಮಾಡಬಹುದು" ಎಂದರು. "ಇವು ದಿನಕ್ಕೊಂದು ಹೇಳ್ತವೆ."

ಅಕ್ಕ ಮಂಚದಿಂದಲೇ ಕೇಳಿದರು: "ಹಾಗಾದ್ರೆ ನೀವು ನನಗೆ ಹೇಳುವುದು ದಿನಾ ಒಂದೇಯಾ?"

ಕೊನೆಗೆ ಕಾರ್ಖಾನೆಯಿಂದ ಒಂದು ಥರ್ಮಾಮೀಟರ್ ತಂದರು. ಮೇಲ್ಗಾಜು ಗೀಚಿದ್ದಕ್ಕೆ ತಳ್ಳಿಹಾಕಿದ್ದು, ಉಳಿದಂತೆ ಏನೂ ದೋಷವಿಲ್ಲ. ಗೇಟ್ ಪಾಸ್ ಬರೆಸಿಯೇ ತಂದರು. ತರುವ ಮೊದಲು ನಮ್ಮ ಕೋಣೆಯಲ್ಲಿ ಅದಕ್ಕೆ ಇಡೀ ಮಧ್ಯಾಹ್ನ ಕೊಟ್ಟರು. ಸೊನ್ನೆಯಲ್ಲಿ ಸರಿ. ಮಾಸ್ಟರಿನ ಪಕ್ಕದಲ್ಲಿ ಒಂದೇ ನೀರಿನಲ್ಲಿ ನಿಲ್ಲಿಸಿ ಇಪ್ಪತ್ತನಾಲ್ಕು, ಇಪ್ಪತ್ತಾರು, ಇಪ್ಪತ್ತೆಂಟರಲ್ಲಿ ನೋಡಿದರು. ಎಲ್ಲೂ ಕೂದಲೆಳೆ ಕದಲಲಿಲ್ಲ. ಅಷ್ಟು ನೇರವಾದ ಥರ್ಮಾಮೀಟರ್ ನಮ್ಮ ಕೈಯಿಂದ ಅಪರೂಪಕ್ಕೆ ಹೊರಬರುತ್ತಿತ್ತು. ಚೀಟಿಯ ಮೇಲೆ ಬರೆಯುವುದಕ್ಕೇ ಏನೂ ಇರಲಿಲ್ಲ. ಅದರ ಹಿತ್ತಾಳೆಯ ಕೊಳವೆಯನ್ನು ತೊಟ್ಟಿಯ ಮೂಲೆಯಲ್ಲಿ ಇಳಿಸಿ ಕ್ಲಾಂಪು ಬಿಗಿದರು.

ಆಗಿನ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಚಳಿಗಾಲದ ಸಂಜೆ ಕರೆಂಟು ಹೋದರೆ ತೊಟ್ಟಿಯ ಹೀಟರು ನಿಂತು ನೀರು ಆರತೊಡಗುತ್ತಿತ್ತು. ಇವರು ಒಲೆ ಮೇಲೆ ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಮನೆಯಲ್ಲಿ ಇದ್ದದ್ದು ಒಂದೇ ಚೀಲ. ಅಕ್ಕನ ಮೊಣಕಾಲಿಗೆ ಶಾಖ ಕೊಡುವುದೂ ಅದರಿಂದಲೇ.

"ಇವತ್ತು ಚೀಲ ಯಾರಿಗೆ?" ಎಂದು ಅಕ್ಕ ಕೇಳುತ್ತಿದ್ದರು.

"ನಿನಗೇ."

"ಬೇಡ, ಸೇವಂತಿಗೆಗೆ ಕೊಡಿ. ನನ್ನ ಕಾಲು ಹೇಗೂ ಸತ್ತದ್ದು."

ಅವರು ಇನ್ನೊಂದು ಚೀಲ ತಂದರು. ತಂದ ಮೇಲೂ ಅಕ್ಕ ಎರಡನ್ನೂ ತೊಟ್ಟಿಗೇ ಹಾಕಿಸುತ್ತಿದ್ದರು.

ಮೊದಲು ಹವಳ ಬಾಯಿ ಮುಚ್ಚಿತು. ಆಮೇಲೆ ಸೇವಂತಿಗೆ ಸಣ್ಣಗಾಗತೊಡಗಿತು. ಕಂಡುಹಿಡಿದದ್ದು ಅಕ್ಕ. ದಿನವಿಡೀ ನೋಡುತ್ತಿದ್ದವರು ಅವರೊಬ್ಬರೇ.

"ಹೂವು ಮುದುಡ್ತಾ ಉಂಟು, ಬನ್ನಿ ನೋಡಿ" ಎಂದರೆ ಇವರು ಬಂದು, ಕನ್ನಡಕ ಒರೆಸಿ, ಮೊಣಕಾಲು ಬಗ್ಗಿಸಿ ಥರ್ಮಾಮೀಟರ್ ನೋಡುತ್ತಿದ್ದರು. "ಇಪ್ಪತ್ತಾರಿದೆ. ಸರಿಯಾಗಿದೆ."

"ನಾನು ಹೂವಿನ ವಿಷಯ ಹೇಳಿದ್ದು ಮಾರಾಯ್ರೆ."

ಅವರು ಥರ್ಮಾಮೀಟರನ್ನು ಹೊರತೆಗೆದು ಕಾರ್ಖಾನೆಗೆ ತಂದರು. ಮಂಜುಗಡ್ಡೆಯಲ್ಲಿ ನಿಲ್ಲಿಸಿದರು. ಸೊನ್ನೆ. ಮಾಸ್ಟರಿನ ಪಕ್ಕ ಇಟ್ಟರು. ಅದೇ ಇಪ್ಪತ್ತಾರು. ಹಾಗಾದರೆ ತೊಟ್ಟಿಯ ಒಂದು ಮೂಲೆ ಬಿಸಿ, ಒಂದು ಮೂಲೆ ತಣ್ಣಗೆ ಇರಬೇಕೆಂದು ಪ್ರತಿ ಮೂಲೆಯಲ್ಲೂ, ಮೇಲೆ ಕೆಳಗೆ, ಆ ಕೊಳವೆಯನ್ನೇ ಇಳಿಸಿ ಅಳೆದರು. ಹೀಟರು ಬದಲಿಸಿದರು. ನೀರು ಕಲಕಲು ಇನ್ನೊಂದು ಪಂಪು ಹಾಕಿದರು. ಅಳತೆ ಎಲ್ಲ ಕಡೆಯೂ ಸಮವಾಯಿತು. ಸೇವಂತಿಗೆ ಮುಷ್ಟಿಯಷ್ಟಾಗಿ, ಒಂದು ದಿನ ಲೋಳೆಯಾಗಿ ಕಲ್ಲಿನಿಂದ ಜಾರಿತು. ಕಿತ್ತಳೆ ಮೀನು ಬದುಕಿತ್ತು. ಹೂವಿದ್ದ ಬರಿಯ ಕಲ್ಲಿಗೆ ಮೈ ಉಜ್ಜುತ್ತಾ ಅಲ್ಲೇ ಸುತ್ತುತ್ತಿತ್ತು. ಅಕ್ಕ ಅದನ್ನು ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಮತ್ತೆ ನೋಡುತ್ತಿದ್ದರು.

ಮದ್ರಾಸಿನಿಂದ ಇನ್ನೊಂದು ಹೂವು ಬಂತು. ಅದೂ ಹಾಗೆಯೇ ಆಯಿತು.

ಇಷ್ಟೆಲ್ಲದರ ನಡುವೆ ಒಂದು ಕೆಲಸವನ್ನು ಅವರು ತಪ್ಪಿಸುತ್ತಿರಲಿಲ್ಲ. ಉಪ್ಪುನೀರಿನಲ್ಲಿ ನಿಂತು ಆ ಕೊಳವೆಯ ಮೇಲೆ ಹಸಿರು ಕಟ್ಟುತ್ತಿತ್ತು. ಭಾನುವಾರ ಅದನ್ನು ತೆಗೆದು, ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಮತ್ತೆ ನೀರಿಗೆ ಇಳಿಸುತ್ತಿದ್ದರು. ಉಪಕರಣ ಕೊಳಕಾಗಿರಬಾರದು ಎಂಬುದು ನಮ್ಮ ಕೋಣೆಯ ನಿಯಮ.

ಅಂಥ ಒಂದು ಭಾನುವಾರ ಬೀದಿಗೆ ಕಲಾಯಿಯವನು ಬಂದ. ತಿದಿ ಒತ್ತಿ, ಇದ್ದಿಲು ಕೆಂಪಗೆ ಮಾಡಿ, ಪಾತ್ರೆಗಳ ಒಳಮೈಗೆ ತವರ ಬಳಿಯತೊಡಗಿದ. ಅಕ್ಕ ಮಂಚದಿಂದಲೇ ನನಗೆ ಒಂದೊಂದಾಗಿ ಹೇಳುತ್ತಿದ್ದರು.

"ಆ ದೊಡ್ಡ ಹಿತ್ತಾಳೆ ತಪ್ಪಲೆ ತಗೋ. ಒಳಗೆ ಕಿಲುಬು ಬಂದಿದೆ. ಅದರಲ್ಲಿ ಹುಳಿ ಮಾಡಿದ್ರೆ ಓಣಿಗೆಲ್ಲ ವಾಂತಿ."

ನಾನು ತಪ್ಪಲೆ ಎತ್ತಿಕೊಂಡು ನಡುಮನೆಯಲ್ಲಿ ಹಾದು ಬಂದೆ. ಇವರು ತೊಟ್ಟಿಯ ಪಕ್ಕ ಕೂತು ಕೊಳವೆ ತಿಕ್ಕುತ್ತಿದ್ದರು. ಅಕ್ಕ ಅತ್ತ ನೋಡಿ ತಮಾಷೆಗೆ ಹೇಳಿದರು: "ನಿಮ್ಮ ಕೋಲನ್ನೂ ಕೊಡಿ ಮಾರಾಯ್ರೆ, ಅದಕ್ಕೂ ಕಲಾಯಿ ಆಗ್ಲಿ. ಹಿತ್ತಾಳೆಯಲ್ಲಿ ಉಪ್ಪಿನಕಾಯಿ ಹಾಕಿಟ್ಟ ಹಾಗೆ ಇಟ್ಟಿದ್ದೀರಿ."

ನಾನು ತಪ್ಪಲೆ ಹಿಡಿದುಕೊಂಡು ನಿಂತುಬಿಟ್ಟೆ. ಇವರ ಕೈ ನಿಂತಿತು. ಬೆರಳ ಸಂದಿಯಲ್ಲಿ ಹುಣಸೆಯ ರಸ ಹಸಿರಾಗಿ ಇಳಿಯುತ್ತಿತ್ತು. ಅದನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಹೊರಗೆ ಕಲಾಯಿಯವನು, "ಇನ್ನೂ ಪಾತ್ರೆ ಇದೆಯಾಕ್ಕಾ?" ಎಂದು ಕೂಗಿದ.

ಈ ವಿಷಯ ಗೊತ್ತಿಲ್ಲದ ಮನೆ ಆ ಬೀದಿಯಲ್ಲಿ ಒಂದೂ ಇರಲಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆ ಕೂಡ ಇಡಬಾರದೆಂದು ಸಣ್ಣ ಮಕ್ಕಳಿಗೂ ಗೊತ್ತು. ಅವರಿಗೂ ಗೊತ್ತು. ಬಾಯ್ಲರಿನ ಸಿಹಿನೀರಿನಲ್ಲಿ ನಮ್ಮ ಥರ್ಮಾಮೀಟರುಗಳು ವರ್ಷಗಟ್ಟಲೆ ಇದ್ದರೂ ಯಾರಿಗೂ ಏನೂ ಆಗಿರಲಿಲ್ಲ. ಸಂಜೆ ಅವರು ನನ್ನನ್ನು ಬೀದಿಯ ಕೊನೆಯವರೆಗೆ ಕಳಿಸಲು ಬಂದಾಗ ಆಡಿದ್ದು ಇಷ್ಟೇ: "ನಾನು ಅದನ್ನ ಪಾತ್ರೆ ಅಂದ್ಕೊಳ್ಳಲಿಲ್ಲ. ಉಪಕರಣ ಅಂದ್ಕೊಂಡೆ."

ಅದರ ನಂತರ ಮಾಡಬೇಕಾದದ್ದನ್ನೆಲ್ಲ ಕ್ರಮವಾಗಿಯೇ ಮಾಡಿದರು. ಕೊಳವೆ ತೆಗೆದು, ಬರಿಯ ಗಾಜಿನ ಕಡ್ಡಿಯದ್ದನ್ನು ಹಾಕಿದರು. ಹಳೆಯ ನೀರನ್ನೆಲ್ಲ ಚೆಲ್ಲಿ ಮದ್ರಾಸಿನ ಹೊಸ ನೀರು ತುಂಬಿದರು. ಮೂರನೆಯ ಹೂವು ಬಂತು. ಮೊದಲ ದಿನ ಅದು ಪೂರ್ತಿ ಅರಳಿತು. ಕಿತ್ತಳೆ ಮೀನು ಸ್ವಲ್ಪ ದೂರದಲ್ಲೇ ಸುತ್ತಾಡಿ, ಕೊನೆಗೆ ಬೆರಳುಗಳ ನಡುವೆ ನುಗ್ಗಿತು. ಅಕ್ಕ ಆ ದಿನ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಅದೂ ಮುದುಡಿತು. ಕಾರಣ ತಂದವನು ಲಾರಿಯ ಡ್ರೈವರು. ಮದ್ರಾಸಿನ ವ್ಯಾಪಾರಿಯನ್ನು ಕೇಳಿಕೊಂಡು ಬಾ ಎಂದು ಇವರೇ ಕಳಿಸಿದ್ದರು. ಕಾರ್ಖಾನೆಯ ಗೇಟಿನ ಹತ್ತಿರ, ನಾನೂ ಜೊತೆಗಿದ್ದೆ.

"ಸಾರ್, ಅವ್ರು ಹೇಳ್ತಾರೆ, ನಿಮ್ಮ ಹಿತ್ತಾಳೆ ಬಿಟ್ಟ ತಾಮ್ರ ಎಲ್ಲಾ ಆ ಕಲ್ಲು ಕುಡಿದ್ಬಿಟ್ಟಿದೆ ಅಂತೆ. ಮರಳೂ ಕುಡಿದಿದೆ ಅಂತೆ. ನೀವು ಎಷ್ಟು ನೀರು ಹಾಕಿದ್ರೂ ವಾಪಸ್ ಬಿಡ್ತಾ ಇರುತ್ತೆ. ಕಲ್ಲು, ಮರಳು ಎಲ್ಲಾ ಬಿಸಾಕಿ ಮೊದಲಿಂದ ಮಾಡ್ಬೇಕು ಸಾರ್."

"ಮೊದಲಿಂದ ಅಂದ್ರೆ ಹವಳ ಹಿಡಿಯೋಕೆ ಎಷ್ಟು ಕಾಲ ಬೇಕಂತೆ?"

ಡ್ರೈವರು ತಲೆ ಕೆರೆದುಕೊಂಡ. "ಸಮುದ್ರ ಅವಸರ ಮಾಡಲ್ಲ ಸಾರ್."

ಅಷ್ಟು ಹೊತ್ತಿಗೆ ಅಕ್ಕನ ಮೂತ್ರಪಿಂಡಗಳು ಸೋಲುತ್ತಿದ್ದವು. ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಗಳ ಫಲ ಎಂದರು ಡಾಕ್ಟರು. ಕಾಲಿನ ಬಾವು ಇಳಿಯುತ್ತಿರಲಿಲ್ಲ. ಅಕ್ಕ ಆ ವರ್ಷದ ಚಳಿಗಾಲ ದಾಟಲಿಲ್ಲ. ಅವರು ಹೋದ ಮೇಲೆಯೂ ಇವರು ಒಂದು ದಿನವೂ ಕೆಲಸಕ್ಕೆ ತಡವಾಗಿ ಬರಲಿಲ್ಲ. ನಿವೃತ್ತಿಯವರೆಗೆ ಅದೇ ಕೋಣೆ, ಅದೇ ಮಂಜುಗಡ್ಡೆ. ಹೊಸಬರಿಗೆ ಮೊಣಕಾಲು ಬಗ್ಗಿಸುವುದನ್ನು ಹೇಳಿಕೊಡುತ್ತಿದ್ದರು. ರಟ್ಟಿನ ಚೀಟಿ ಕಟ್ಟುತ್ತಿದ್ದರು. ಆದರೆ ಕ್ಯಾಂಟೀನಿನಲ್ಲಿ ಮನುಷ್ಯರ ಡಿಗ್ರಿ ಎಣಿಸುವುದನ್ನು ನಿಲ್ಲಿಸಿಬಿಟ್ಟರು. ಯಾರಾದರೂ ಕೆಣಕಿದರೆ, "ಗೊತ್ತಾಗಲ್ಲಪ್ಪ" ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ತಮ್ಮನ ಊರಿಗೆ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಅಕ್ಕ ಇದ್ದಾಗಿನ ಒಂದು ಭಾನುವಾರದ ಮಾತು ಉಳಿದಿದೆ. ಅದನ್ನು ಹೇಳಿ ಮುಗಿಸುತ್ತೇನೆ.

ಮೂರನೆಯ ಹೂವು ಕರಗಿ ಹೋಗಿತ್ತು. ಕಿತ್ತಳೆ ಮೀನೂ ಆ ವಾರ ಸತ್ತಿತ್ತು. ತೊಟ್ಟಿಯಲ್ಲಿ ಬೂದುಬಣ್ಣದ ಕಲ್ಲು, ತಿಳಿನೀರು, ಪಂಪಿನ ಗುಳ್ಳೆಗಳು ಮಾತ್ರ. ನಾನು ಹೋದಾಗ ಇವರು ಒಂದು ಕಲ್ಲನ್ನು ಬಟ್ಟಿ ಇಳಿಸಿದ ನೀರಿನ ಬಕೆಟ್ಟಿನಲ್ಲಿ ಅದ್ದಿ, ತೊಳೆದು, ಮತ್ತೆ ಅದ್ದುತ್ತಿದ್ದರು. ಎಷ್ಟು ಸಲ ತೊಳೆದರೆ ತಾಮ್ರ ಬಿಡಬಹುದೆಂದು ಲೆಕ್ಕ ಹಾಕಿದ್ದೇನೆ ಎಂದರು. ಇನ್ನೊಂದು ಹೂವಿಗೂ ಹೇಳಿ ಕಳಿಸಿದ್ದರು. ಅಕ್ಕ ಅದನ್ನೆಲ್ಲ ಕೇಳಿಸಿಕೊಂಡರು. ತಲೆ ಬಾಚಿ ಮುಗಿಸಿದ ಮೇಲೆ ಗಂಡನನ್ನು ಕರೆದರು.

"ಹೂವು ತರಿಸ್ಬೇಡಿ ಇನ್ನು."

"ಈ ಸಲ ಕಲ್ಲು ತೊಳೆದಿರ್ತೀನಲ್ಲ."

"ಬೇಡ ಅಂದೆ. ದಿನಾ ಒಂದೊಂದು ಬೆರಳು ಉದುರುವುದನ್ನು ನೋಡುವವಳು ನಾನು. ನೀವು ಕೆಲಸಕ್ಕೆ ಹೋಗ್ತೀರಿ."

ಅವರು ಕಲ್ಲನ್ನು ಬಕೆಟ್ಟಿಗೆ ಬಿಟ್ಟರು. ಸ್ವಲ್ಪ ಹೊತ್ತು ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮತ್ತೇನು ಮಾಡ್ಲಿ?" ಎಂದು ಕೇಳಿದರು.

"ಮಂಚ ತಿರುಗಿಸಿ. ಇವಳೂ ಇದ್ದಾಳೆ, ಒಂದು ಕಡೆ ಹಿಡೀತಾಳೆ."

ನಾನು ಕಾಲಿನ ಕಡೆ ಹಿಡಿದೆ, ಅವರು ತಲೆಯ ಕಡೆ. ಅಕ್ಕ ತೀರಾ ಹಗುರವಾಗಿದ್ದರು. ತೊಟ್ಟಿಗೆ ಬೆನ್ನು ಮಾಡಿ ಮಂಚ ಇಳಿಸಿದೆವು. ಆ ಕಡೆ ಬರಿಯ ಗೋಡೆ, ಸುಣ್ಣ ಅಲ್ಲಲ್ಲಿ ಎದ್ದಿತ್ತು. ಅವರು ದಿಂಬು ಸರಿಮಾಡಿ, ಬಗ್ಗಿ ಹೆಂಡತಿಯ ಮುಖದ ಪಕ್ಕಕ್ಕೆ ತಮ್ಮ ಮುಖ ತಂದು, ಅವರು ನೋಡುತ್ತಿದ್ದ ಕಡೆ ನೋಡಿದರು.

"ಗೋಡೆ ಒಂದೇ ಕಾಣೋದು" ಎಂದರು.

"ಇರಲಿ ಮಾರಾಯ್ರೆ" ಎಂದರು ಅಕ್ಕ. "ಅದು ಸಾಯುವುದಿಲ್ಲವಲ್ಲ."